ಲಂಡನ್ ಟ್ಯೂಬ್: ಯಾವ ಲೈನ್ ಹತ್ತೋದು, ಯಾವುದನ್ನ ಬಿಡೋದು

ಬೇಸಿಗೆ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು. "ಅಪ್ಪ ಅಮ್ಮ ಬರ್ತಿದಾರೆ, ಹೀಥ್ರೂ ಏರ್‌ಪೋರ್ಟಿಂದ ಟ್ಯೂಬಲ್ಲಿ ಕರ್ಕೊಂಡ್ ಬರ್ಲಾ, ಎಲಿಜಬೆತ್ ಲೈನಲ್ಲಾ?" "ಆಫೀಸು ಕ್ಯಾನರಿ ವಾರ್ಫ್‌ನಲ್ಲಿ. ಮನೆ ಈಸ್ಟ್ ಹ್ಯಾಮಲ್ಲಿ ಮಾಡ್ಲಾ, ವೆಂಬ್ಲಿಯಲ್ಲಾ?" "ನಾಲ್ಕೇ ದಿನ ಇರೋದು, ಬಸ್ಸೋ ಟ್ಯೂಬೋ?" ಎಲ್ಲರೂ ಟ್ಯೂಬ್ ಮ್ಯಾಪನ್ನು, ಅಂದರೆ ಲಂಡನ್ನಿನ ನೆಲದಡಿ ರೈಲುಗಳ ನಕ್ಷೆಯನ್ನು, ಮುಂದಿಟ್ಟುಕೊಂಡೇ ಕೇಳುತ್ತಾರೆ. ಗೊಂದಲ ಶುರುವಾಗುವುದೂ ಆ ಮ್ಯಾಪಿನಿಂದಲೇ.

ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ 1931ರಲ್ಲಿ ಬರೆದು, 1933ರಲ್ಲಿ ಅಚ್ಚಾದ ಆ ಚಿತ್ರ ನೋಡಲು ಬಲು ಅಚ್ಚುಕಟ್ಟು. ಎಲ್ಲ ಗೆರೆಗಳೂ ನೇರ, ಸ್ಟೇಷನ್‌ಗಳೆಲ್ಲ ಸರಿಸುಮಾರು ಒಂದೇ ದೂರ. ಆದರೆ ಅದರಲ್ಲಿ ಆಳ ಇಲ್ಲ, ಸೆಕೆ ಇಲ್ಲ, ಎರಡು ಲೈನ್‌ಗಳ ನಡುವೆ ನೆಲದಡಿ ನಡೆಯಬೇಕಾದ ಸುರಂಗದ ಉದ್ದವೂ ಇಲ್ಲ. ಕೋವೆಂಟ್ ಗಾರ್ಡನ್‌ನಿಂದ ಲೆಸ್ಟರ್ ಸ್ಕ್ವೇರ್‌ಗೆ ಮ್ಯಾಪಿನಲ್ಲಿ ಒಂದು ಪೂರಾ ಸ್ಟಾಪ್. ನೆಲದ ಮೇಲೆ ಅದು 260 ಮೀಟರ್. ಲಿಫ್ಟಿಗೆ ಕಾದು, ಕೆಳಗಿಳಿದು, ರೈಲು ಹತ್ತಿ, ಮತ್ತೆ ಮೇಲೆ ಬರುವಷ್ಟರಲ್ಲಿ ನಡೆದು ಹೋದವರು ಕಾಫಿ ಮುಗಿಸಿರುತ್ತಾರೆ. ಕೋವೆಂಟ್ ಗಾರ್ಡನ್‌ನಲ್ಲಿ ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಹಿಡಿದರೆ 193 ಮೆಟ್ಟಿಲು. ಎಚ್ಚರಿಕೆಯ ಬೋರ್ಡಿದ್ದರೂ ದಿನಾ ಯಾರೋ ಒಬ್ಬರು ಅರ್ಧ ದಾರಿಯಲ್ಲಿ ಗೋಡೆಗೆ ಒರಗಿ ಏದುಸಿರು ಬಿಡುತ್ತಿರುತ್ತಾರೆ.

ಹಾಗಾಗಿ ಲೈನ್ ಆರಿಸುವ ಮೊದಲು ನಾನು ಕೇಳಿಕೊಳ್ಳುವುದು ಐದು ವಿಷಯ. ಜೊತೆಗಿರುವವರು ಮೆಟ್ಟಿಲು ಹತ್ತಬಲ್ಲರೇ, ಕೈಯಲ್ಲಿ ಸೂಟ್‌ಕೇಸ್ ಇದೆಯೇ ಅನ್ನುವುದು ಒಂದನೆಯದು. ಸೆಕೆ ತಡೆಯುತ್ತಾರೆಯೇ? ಎಷ್ಟು ಕಡೆ ಲೈನ್ ಚೇಂಜ್ ಮಾಡಬೇಕು, ಆ ಚೇಂಜ್ ಎಂಥದ್ದು? ಹೊರಡುವ ಹೊತ್ತು ಯಾವುದು? ದುಡ್ಡು ಎಷ್ಟು? ವೇಗವನ್ನು ಬೇಕೆಂದೇ ಪಟ್ಟಿಗೆ ಸೇರಿಸಿಲ್ಲ. ನಗರದ ನಡುಭಾಗದಲ್ಲಿ ಎರಡು ದಾರಿಗಳ ನಡುವಿನ ವ್ಯತ್ಯಾಸ ಬಹಳವೆಂದರೆ ಐದಾರು ನಿಮಿಷ. ಅಷ್ಟಕ್ಕಾಗಿ ಅಮ್ಮನ ಮಂಡಿಯನ್ನು ಪಣಕ್ಕಿಡಬಾರದು.

ಮೆಟ್ಟಿಲಿನ ವಿಚಾರಕ್ಕೆ ಮ್ಯಾಪಿನಲ್ಲೇ ಒಂದು ಸಹಾಯ ಉಂಟು. ನೀಲಿ ವೃತ್ತದಲ್ಲಿ ಬಿಳಿ ಗಾಲಿಕುರ್ಚಿ ಇದ್ದರೆ ರಸ್ತೆಯಿಂದ ರೈಲಿನೊಳಗಿನ ತನಕ ಒಂದೂ ಮೆಟ್ಟಿಲಿಲ್ಲ. ಬಿಳಿ ವೃತ್ತದಲ್ಲಿ ನೀಲಿ ಗಾಲಿಕುರ್ಚಿ ಇದ್ದರೆ ಪ್ಲಾಟ್‌ಫಾರ್ಮ್‌ವರೆಗೆ ಮಾತ್ರ, ರೈಲಿಗೆ ಹತ್ತುವಾಗ ಒಂದು ಹೆಜ್ಜೆ ಎತ್ತಿಡಬೇಕು. ಒಟ್ಟು 272 ಸ್ಟೇಷನ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ ಈ ಗುರುತುಗಳಿವೆ. ಉಳಿದ ಕಡೆ ಎಸ್ಕಲೇಟರ್ ಇದ್ದರೂ ಅದರ ಹಿಂದೋ ಮುಂದೋ ಹತ್ತಿಪ್ಪತ್ತು ಮೆಟ್ಟಿಲು ಇದ್ದೇ ಇರುತ್ತವೆ.

ಇನ್ನು ಲೈನ್‌ಗಳು. ಹೆಸರು ಹನ್ನೊಂದಿದ್ದರೂ ಸವಾರಿಯ ಅನುಭವದಲ್ಲಿ ಎರಡೇ ಜಾತಿ: ಮೇಲಿನವು, ಆಳದವು. ಇವೆರಡಕ್ಕೂ ಸೇರದೆ ಪಕ್ಕದಲ್ಲಿ ನಿಲ್ಲುವುದು ಎಲಿಜಬೆತ್.

ಮೇಲಿನವು ಅಂದರೆ ಮೆಟ್ರೊಪಾಲಿಟನ್, ಡಿಸ್ಟ್ರಿಕ್ಟ್, ಸರ್ಕಲ್, ಹ್ಯಾಮರ್ಸ್ಮಿತ್ ಆ್ಯಂಡ್ ಸಿಟಿ. ಪ್ರಪಂಚದ ಮೊದಲ ನೆಲದಡಿ ರೈಲು 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ಗೆ ಓಡಿದ್ದು ಈ ದಾರಿಯಲ್ಲೇ, ಅದೂ ಉಗಿಬಂಡಿ. ರಸ್ತೆಯನ್ನು ಅಗೆದು, ಹಳಿ ಹಾಕಿ, ಮೇಲೆ ಮುಚ್ಚಿದ ಕಾಲುವೆಯಂಥ ಸುರಂಗ. ಹೊಗೆ ಹೋಗಲೆಂದು ಅಲ್ಲಲ್ಲಿ ಆಕಾಶಕ್ಕೆ ಬಾಯಿ ತೆರೆದೇ ಬಿಟ್ಟರು. ಅಂದಿನ ಆ ಏರ್ಪಾಟಿನ ಲಾಭ ಇವತ್ತು ನಮಗೆ. ಸ್ಟೇಷನ್‌ಗಳು ಹೆಚ್ಚು ಆಳದಲ್ಲಿಲ್ಲ, ಗಾಳಿ ಬೆಳಕು ಇದೆ. ಸುರಂಗ ಅಗಲವಾದ್ದರಿಂದ ದೊಡ್ಡ ರೈಲು ಹಿಡಿಸುತ್ತದೆ. 2010ರಿಂದ 2017ರ ನಡುವೆ ಬಂದ ಈಗಿನ ರೈಲುಗಳಲ್ಲಿ ಎಸಿ ಉಂಟು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಳಗೊಳಗೇ ನಡೆದು ಹೋಗಬಹುದು. ವಯಸ್ಸಾದವರು, ಚಿಕ್ಕ ಮಕ್ಕಳು, ಇಕ್ಕಟ್ಟೆಂದರೆ ಎದೆ ಬಡಿದುಕೊಳ್ಳುವವರು ಕಣ್ಣುಮುಚ್ಚಿ ಹತ್ತಬಹುದಾದ ಟ್ಯೂಬ್ ಇದು.

ಇದರ ತೊಂದರೆ ನಿಧಾನ. ಸರ್ಕಲ್ ಲೈನ್ ರೈಲು ಹತ್ತು ನಿಮಿಷಕ್ಕೊಂದು, ಹಾಗಾಗಿ ಅದಕ್ಕೇ ಅಂತ ಕಾಯುವುದು ದಂಡ. ಹೆಸರು ನಂಬಿ ಸುತ್ತು ಹೊಡೆಯಲು ಕೂತವರಿಗೆ ಇನ್ನೊಂದು ಮೋಸ: 2009ರಿಂದ ಅದು ವೃತ್ತವೇ ಅಲ್ಲ. ಎಡ್ಜ್‌ವೇರ್ ರೋಡ್‌ನಲ್ಲಿ ಬಾಲ ಬಿಚ್ಚಿಕೊಂಡು ಹ್ಯಾಮರ್ಸ್ಮಿತ್ ಕಡೆಗೆ ಚಾಚಿದೆ, ಸುತ್ತು ಬಂದ ರೈಲು ಎಡ್ಜ್‌ವೇರ್ ರೋಡ್‌ಗೆ ಮುಗಿಯಿತು, ಇಳಿಯಲೇಬೇಕು. ಡಿಸ್ಟ್ರಿಕ್ಟ್‌ನದು ಬೇರೆ ಕಥೆ. ಒಂದೇ ಹಸಿರು ಗೆರೆ, ಪಶ್ಚಿಮಕ್ಕೆ ಮೂರು ಬಾಲ: ರಿಚ್ಮಂಡ್, ಈಲಿಂಗ್, ವಿಂಬಲ್ಡನ್. ರೈಲಿನ ಹಣೆ ಮೇಲಿನ ಹೆಸರು ಓದದೆ ಹತ್ತಬೇಡಿ.

ಆಳದವುಗಳಲ್ಲಿ ಸೆಂಟ್ರಲ್, ಬೇಕರ್‌ಲೂ, ನಾರ್ದರ್ನ್, ಪಿಕಡಿಲಿ, ವಿಕ್ಟೋರಿಯಾ, ಜ್ಯೂಬಿಲಿ ಮುಖ್ಯ. ವಾಟರ್ಲೂ ಆ್ಯಂಡ್ ಸಿಟಿ ಎರಡೇ ಸ್ಟೇಷನ್ನಿನ ಆಫೀಸು ಲೈನ್, ಪ್ರವಾಸಿಗಳಿಗೆ ಸಂಬಂಧವಿಲ್ಲ. 1890ರಿಂದ ಲಂಡನ್ನಿನ ಜೇಡಿಮಣ್ಣಿನಲ್ಲಿ ಕೊಳವೆಯಂತೆ ಕೊರೆದ ಸುರಂಗಗಳಿವು. ವ್ಯಾಸ ಮೂರೂವರೆ ಮೀಟರ್‌ನಷ್ಟೇ. ರೈಲು ಅದರೊಳಗೆ ಕೋವಿಯ ಗುಂಡಿನಂತೆ ಕೂರುತ್ತದೆ, ಎಸಿ ಪೆಟ್ಟಿಗೆ ಇಡಲು ಜಾಗ ಬಹಳ ಕಮ್ಮಿ. ಇಟ್ಟರೂ ಅದು ಉಗುಳುವ ಬಿಸಿ ಹೋಗುವುದೆಲ್ಲಿಗೆ? ಬ್ರೇಕಿನ ಶಾಖವನ್ನು ನೂರು ವರ್ಷ ಕುಡಿದ ಮಣ್ಣೇ ಈಗ ಬಿಸಿಯಾಗಿದೆ. ಶುರುವಿನ ದಶಕಗಳಲ್ಲಿ ಬೇಕರ್‌ಲೂ ಲೈನನ್ನು ಬೇಸಿಗೆಯ ತಂಪು ತಾಣವೆಂದು ಜಾಹೀರಾತು ಮಾಡುತ್ತಿದ್ದರಂತೆ. ಇವತ್ತು ಬೇಸಿಗೆಯಲ್ಲಿ ಬೇಕರ್‌ಲೂ, ಸೆಂಟ್ರಲ್ ಎರಡರಲ್ಲೂ 30 ಡಿಗ್ರಿ ದಾಟುವುದು ಮಾಮೂಲು.

ನಮ್ಮಪ್ಪ ರಾಯಚೂರಿನಲ್ಲಿ ನೌಕರಿ ಮಾಡಿದವರು. ಸೆಕೆ ಅವರಿಗೇನು ಹೊಸದಲ್ಲ. "ಇದೇನ್ ಮಹಾ" ಅಂದುಕೊಂಡೇ ಒಂದು ಜುಲೈ ಸಂಜೆ ಐದೂವರೆಗೆ ಸೆಂಟ್ರಲ್ ಲೈನ್ ಹತ್ತಿದರು. ಎರಡನೇ ಸ್ಟಾಪಿಗೆ ಮಾತು ನಿಂತಿತು. ಎದುರಿದ್ದವರ ಬ್ಯಾಗು ಇವರ ಹೊಟ್ಟೆಗೆ, ಇವರ ಮೊಣಕೈ ಯಾರದೋ ಬೆನ್ನಿಗೆ. ಬಾಗಿಲ ಬಳಿ ಛಾವಣಿ ಬಾಗಿರುವುದರಿಂದ ತಲೆ ಬೇರೆ ತಗ್ಗಿಸಬೇಕು. ಕಿರುಚುವ ಹಳಿಯ ಸದ್ದಿನಲ್ಲಿ ನಾನು ಹೇಳಿದ್ದು ಅವರಿಗೆ ಕೇಳಿಸುತ್ತಿರಲಿಲ್ಲ, ಕೈಸನ್ನೆಯಲ್ಲೇ ಬೋಗಿಯ ತುದಿಗೆ ಸರಿಸಿದೆ. ಅಲ್ಲಿ ಎರಡು ಬೋಗಿಗಳ ನಡುವಿನ ಬಾಗಿಲಲ್ಲಿ ಕೆಳಗೆಳೆಯುವ ಪುಟ್ಟ ಕಿಟಕಿ ಇರುತ್ತದೆ. ಎಳೆದದ್ದೇ ತಡ, ಗಾಳಿ ಮುಖಕ್ಕೆ ರಾಚಿತು. ಬಿಸಿ ಗಾಳಿಯೇ, ಆದರೂ ಗಾಳಿ. ಇಳಿದ ಮೇಲೆ ಕರ್ಚೀಫಿನಲ್ಲಿ ಮೂಗೊರೆಸಿ, ಅಂಟಿದ ಕಪ್ಪನ್ನು ನನ್ನ ಮುಂದೆ ಹಿಡಿದು ಒಂದೂ ಮಾತಾಡದೆ ಜೇಬಿಗಿಟ್ಟುಕೊಂಡರು. ಆಳದ ಲೈನಿನಲ್ಲಿ ನಿಲ್ಲಲೇಬೇಕಾದರೆ ಆ ಕಿಟಕಿಯ ಪಕ್ಕ ನಿಲ್ಲಿ. ಸದ್ದು ಸಹಿಸದವರು ಅಲ್ಲಿಂದಲೇ ದೂರ ನಿಲ್ಲಬೇಕು ಅನ್ನುವುದೂ ನಿಜ.

ಹಾಗಂತ ಆಳದವನ್ನೆಲ್ಲ ಬಿಟ್ಟುಬಿಡಿ ಎನ್ನಲಾರೆ. ವಿಕ್ಟೋರಿಯಾ ನನಗೆ ಅಚ್ಚುಮೆಚ್ಚು. 1968ರಲ್ಲಿ ಶುರುವಾದ ಈ ಲೈನ್ ಪೂರ್ತಿ ನೆಲದಡಿಯದು, ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 36 ರೈಲು. ಅಂದರೆ ನೂರು ಸೆಕೆಂಡಿಗೊಂದು. ಬಾಗಿಲು ಮುಚ್ಚಿಕೊಂಡರೆ ಓಡಬೇಡಿ, ಉಸಿರು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬರುತ್ತದೆ. ಅದಕ್ಕಿಂತ ದೊಡ್ಡ ಗುಣ ಅದರ ಚೇಂಜ್‌ಗಳು. ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಬೇಕರ್‌ಲೂಗೆ, ಸ್ಟಾಕ್‌ವೆಲ್‌ನಲ್ಲಿ ನಾರ್ದರ್ನ್‌ಗೆ, ಫಿನ್ಸ್‌ಬರಿ ಪಾರ್ಕ್‌ನಲ್ಲಿ ಪಿಕಡಿಲಿಗೆ ಬದಲಾಯಿಸಲು ಎದುರು ಬದಿಯ ಪ್ಲಾಟ್‌ಫಾರ್ಮ್‌ಗೆ ಹತ್ತು ಹೆಜ್ಜೆ ಹಾಕಿದರೆ ಸಾಕು. ಮ್ಯಾಪ್ ನೋಡಿದರೆ ಇವಕ್ಕೂ ಬ್ಯಾಂಕ್ ಸ್ಟೇಷನ್ನಿಗೂ ನಡಿಗೆಯ ವ್ಯತ್ಯಾಸ ಗೊತ್ತಾಗುವುದಿಲ್ಲ. ಬ್ಯಾಂಕ್‌ನಲ್ಲಿ ಮಾತ್ರ ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗುವುದೆಂದರೆ ಒಂದು ಸಣ್ಣ ಊರು ದಾಟಿದಂತೆ. ಅಲ್ಲಿ ಸೆಂಟ್ರಲ್ ಲೈನಿನ ಪ್ಲಾಟ್‌ಫಾರ್ಮ್ ಮೇಲಿನ ರಸ್ತೆಯ ಜಾಡು ಹಿಡಿದು ಬಾಗಿರುವುದರಿಂದ ರೈಲಿಗೂ ಕಟ್ಟೆಗೂ ನಡುವೆ ಒಂದು ಕಾಲು ತೂರುವಷ್ಟು ಸಂದು. 'ಮೈಂಡ್ ದ ಗ್ಯಾಪ್', ಅಂದರೆ ಸಂದು ಜೋಪಾನ ಅನ್ನುವ ಎಚ್ಚರಿಕೆ, ಟೀ ಶರ್ಟಿನ ತಮಾಷೆಯಲ್ಲ, ಮಗುವಿದ್ದರೆ ಎತ್ತಿಕೊಳ್ಳಿ.

ಜ್ಯೂಬಿಲಿ ಲೈನಿನ ಪೂರ್ವಾರ್ಧವನ್ನೂ ಆಳದವುಗಳ ಪೈಕಿ ಪ್ರತ್ಯೇಕವಾಗಿಯೇ ನೋಡಬೇಕು. ವೆಸ್ಟ್‌ಮಿನ್‌ಸ್ಟರ್‌ನಿಂದ ಸ್ಟ್ರಾಟ್‌ಫರ್ಡ್‌ವರೆಗಿನ ತುಂಡು 1999ರದ್ದು. ವಿಶಾಲ ಸ್ಟೇಷನ್‌ಗಳು, ಎಲ್ಲ ಕಡೆ ಲಿಫ್ಟ್, ನೆಲದಡಿಯ ಪ್ಲಾಟ್‌ಫಾರ್ಮ್‌ಗಳ ಅಂಚಿಗೆ ಗಾಜಿನ ಬಾಗಿಲು. ನಾರ್ದರ್ನ್ ಲೈನಿಗೆ ಒಂದೇ ಕಪ್ಪು ಬಣ್ಣ, ಆದರೆ ಊರ ನಡುವೆ ಎರಡು ಕವಲು: ಒಂದು ಬ್ಯಾಂಕ್ ಮೇಲೆ, ಇನ್ನೊಂದು ಚೇರಿಂಗ್ ಕ್ರಾಸ್ ಮೇಲೆ. ಬೋರ್ಡ್ ನೋಡದೆ ಹತ್ತಿದವರು ಇಳಿಯುವುದು ಬೇರೆಯೇ ಊರಿನಲ್ಲಿ. ಬೇಕರ್‌ಲೂ ರೈಲುಗಳು 1972ರ ಮಾದರಿಯವು, ಮ್ಯೂಸಿಯಂ ನೋಡುವ ಆಸೆಯಿದ್ದವರಿಗೆ ಸರಿ.

ಎಲಿಜಬೆತ್ ಲೈನ್ ಕಾಗದದ ಮೇಲೆ ಟ್ಯೂಬ್ ಅಲ್ಲವೇ ಅಲ್ಲ, ಆದರೆ ಕಾರ್ಡ್ ಅದೇ, ಮ್ಯಾಪ್ ಅದೇ. 2022ರ ಮೇ 24ರಂದು ತೆರೆಯಿತು. ಇನ್ನೂರು ಮೀಟರ್ ದಾಟುವ ರೈಲು, ಎಸಿ, ನಡುವಿನ ಹೊಸ ಸ್ಟೇಷನ್‌ಗಳಲ್ಲಿ ನೆಲದಿಂದ ಎತ್ತರದವರೆಗೆ ಗಾಜಿನ ಗೋಡೆ, ಎಲ್ಲ ಸ್ಟೇಷನ್‌ಗಳಲ್ಲೂ ಮೆಟ್ಟಿಲಿಲ್ಲದ ದಾರಿ. ಸೆಂಟ್ರಲ್ ಲೈನಿನಲ್ಲಿ ಬೆಂದವರು ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇದಕ್ಕೆ ಬದಲಾಯಿಸಿದರೆ ಕೊಟ್ಟಿಗೆಯಿಂದ ಕಲ್ಯಾಣಮಂಟಪಕ್ಕೆ ಬಂದಂತಾಗುತ್ತದೆ. ಒಂದೇ ತಗಾದೆ ಅದರ ಉದ್ದ. ಲಿವರ್‌ಪೂಲ್ ಸ್ಟ್ರೀಟ್‌ನ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿ ಮೂರ್‌ಗೇಟ್ ಸ್ಟೇಷನ್, ಫ್ಯಾರಿಂಗ್ಡನ್‌ನದು ಬಾರ್ಬಿಕನ್. ತಪ್ಪು ತುದಿಯ ಎಸ್ಕಲೇಟರ್ ಹಿಡಿದರೆ ನೀವು ಮೇಲೆ ಬರುವುದು ಬೇರೆ ಬೀದಿಗೆ. ಮಂಡಿನೋವಿನವರಿಗೆ ಮೆಟ್ಟಿಲು ತಪ್ಪಿತು, ನಡಿಗೆ ತಪ್ಪಲಿಲ್ಲ.

ಈಗ ಹೀಥ್ರೂ ಪ್ರಶ್ನೆ. ಪಿಕಡಿಲಿ ಲೈನಿನಲ್ಲಿ ಊರ ನಡುವಿಗೆ 2025ರ ದರದಲ್ಲಿ ಆರು ಪೌಂಡಿಗೆ ಸ್ವಲ್ಪ ಕಡಿಮೆ, ಹೊತ್ತು ಐವತ್ತು ನಿಮಿಷದಿಂದ ಒಂದು ಗಂಟೆ. ಎಲಿಜಬೆತ್‌ಗೆ ಹದಿನಾಲ್ಕರ ಹತ್ತಿರ, ಪ್ಯಾಡಿಂಗ್ಟನ್‌ಗೆ ಅರ್ಧ ಗಂಟೆ. ಹೀಥ್ರೂ ಎಕ್ಸ್‌ಪ್ರೆಸ್ ಪ್ಯಾಡಿಂಗ್ಟನ್‌ಗೆ ಹದಿನೈದೇ ನಿಮಿಷ, ಆದರೆ ಮುಂಗಡ ಕೊಳ್ಳದಿದ್ದರೆ 2025ರಲ್ಲಿ ಇಪ್ಪತ್ತೈದು ಪೌಂಡಿನ ಆಸುಪಾಸು. ನಿಮ್ಮ ಹೋಟೆಲ್ ಪ್ಯಾಡಿಂಗ್ಟನ್‌ನಲ್ಲೇ ಇಲ್ಲದಿದ್ದರೆ ಆ ಉಳಿಸಿದ ಹದಿನೈದು ನಿಮಿಷವನ್ನು ಅಲ್ಲಿ ಚೇಂಜ್ ಮಾಡುವುದರಲ್ಲೇ ಕಳೆಯುತ್ತೀರಿ. ನಾನಂತೂ ಅದನ್ನು ಯಾರಿಗೂ ಹೇಳುವುದಿಲ್ಲ.

ಉಳಿದ ಎರಡರಲ್ಲಿ ಆಯ್ಕೆ ಸೂಟ್‌ಕೇಸಿನದು, ಇಳಿಯುವ ಸ್ಟೇಷನ್ನಿನದು. ಒಂದೇ ಪೆಟ್ಟಿಗೆ ಹಿಡಿದ ವಿದ್ಯಾರ್ಥಿಗೆ ಪಿಕಡಿಲಿ ಸಾಕು. ಹೀಥ್ರೂನಲ್ಲಿ ಲೈನ್ ಶುರುವಾಗುವುದರಿಂದ ಸೀಟು ಗ್ಯಾರಂಟಿ, ಪೆಟ್ಟಿಗೆಯನ್ನು ಕಾಲ ನಡುವೆ ಇಟ್ಟುಕೊಂಡರಾಯಿತು. ಹ್ಯಾಮರ್ಸ್ಮಿತ್, ಅರ್ಲ್ಸ್ ಕೋರ್ಟ್, ಗ್ರೀನ್ ಪಾರ್ಕ್, ಕಿಂಗ್ಸ್ ಕ್ರಾಸ್ ಈ ನಾಲ್ಕರಲ್ಲಿ ಲಿಫ್ಟಿನಲ್ಲೇ ಮೇಲೆ ಬರಬಹುದು. ಆದರೆ ಅಗ್ಗದ ಹೋಟೆಲುಗಳಿರುವ ರಸೆಲ್ ಸ್ಕ್ವೇರ್, ಗ್ಲಾಸ್ಟರ್ ರೋಡ್ ಕಡೆ ಮೆಟ್ಟಿಲು ತಪ್ಪದು. ಉಪ್ಪಿನಕಾಯಿ ಭರಣಿ, ಚಟ್ನಿಪುಡಿ, ಎರಡೆರಡು 23 ಕೆಜಿ ಪೆಟ್ಟಿಗೆಗಳೊಂದಿಗೆ ಹತ್ತು ಗಂಟೆ ವಿಮಾನದಲ್ಲಿ ಕೂತು ಬಂದ ಅಪ್ಪ ಅಮ್ಮನಿಗೆ ಎಲಿಜಬೆತ್‌ನ ಹೆಚ್ಚುವರಿ ದುಡ್ಡು ಖರ್ಚು ಮಾಡಿ ಎಂದೇ ನಾನು ಹೇಳುವುದು.

ಈಸ್ಟ್ ಹ್ಯಾಮ್ ಕಡೆ ಮನೆ ಇದ್ದವರಿಗೆ ನಡುವಿನ ದಾರಿಯೊಂದಿದೆ, ದಾರಿ ಹುಡುಕುವ ಆ್ಯಪ್ ಸಾಮಾನ್ಯವಾಗಿ ಮೊದಲು ತೋರಿಸದೇ ಇರುವುದು. ಪಿಕಡಿಲಿಯಲ್ಲಿ ಹ್ಯಾಮರ್ಸ್ಮಿತ್‌ವರೆಗೆ ಬಂದು, ಅದೇ ಕಟ್ಟೆಯ ಎದುರು ಬದಿಗೆ ಪೆಟ್ಟಿಗೆ ಉರುಳಿಸಿ, ಎಸಿ ಇರುವ ಡಿಸ್ಟ್ರಿಕ್ಟ್ ಹತ್ತಿ ಕೂತರೆ ಈಸ್ಟ್ ಹ್ಯಾಮ್‌ನಲ್ಲೇ ಇಳಿಯುವುದು. ಒಂದೂವರೆ ಗಂಟೆ ಹಿಡಿಯುತ್ತದೆ. ಎಲಿಜಬೆತ್‌ನಲ್ಲಿ ವೈಟ್‌ಚಾಪೆಲ್‌ಗೆ ಬಂದು ಡಿಸ್ಟ್ರಿಕ್ಟ್‌ಗೆ ಬದಲಾಯಿಸಿದರೆ ಇಪ್ಪತ್ತು ನಿಮಿಷ ಉಳಿದೀತು, ದುಡ್ಡು ಎರಡು ಪಟ್ಟಿಗೂ ಜಾಸ್ತಿ.

ವಾಪಸು ಹೊರಡುವಾಗ ಒಂದು ಎಚ್ಚರ. ಪಿಕಡಿಲಿಯಲ್ಲಿ ಟರ್ಮಿನಲ್ 4ರ ರೈಲು ಬೇರೆ, 5ರದ್ದು ಬೇರೆ, ಅಕ್ಸ್‌ಬ್ರಿಜ್‌ಗೆ ಹೋಗುವ ರೈಲಂತೂ ಹೀಥ್ರೂ ಕಡೆಗೇ ಸುಳಿಯುವುದಿಲ್ಲ.

ಕ್ಯಾನರಿ ವಾರ್ಫ್‌ಗೆ ದಿನಾ ಹೋಗುವವರ ಪ್ರಶ್ನೆಯಲ್ಲಿ ಮ್ಯಾಪ್ ಮತ್ತೆ ದಾರಿ ತಪ್ಪಿಸುತ್ತದೆ. ವೆಂಬ್ಲಿ ಪಾರ್ಕ್‌ನಿಂದ ಜ್ಯೂಬಿಲಿ ನೇರ, ಒಂದೂ ಚೇಂಜ್ ಇಲ್ಲ. ಈಸ್ಟ್ ಹ್ಯಾಮ್‌ನಿಂದ ಡಿಸ್ಟ್ರಿಕ್ಟ್‌ನಲ್ಲಿ ಮೂರು ಸ್ಟಾಪ್, ವೆಸ್ಟ್ ಹ್ಯಾಮ್‌ನಲ್ಲಿ ಚೇಂಜ್, ಜ್ಯೂಬಿಲಿಯಲ್ಲಿ ಇನ್ನು ಮೂರು ಸ್ಟಾಪ್. ಚೇಂಜ್ ಇಲ್ಲದ್ದೇ ಒಳ್ಳೆಯದು ಅನ್ನಿಸುತ್ತದೆ, ಅಲ್ಲವೇ? ಆದರೆ ವೆಂಬ್ಲಿಯಿಂದ ಹೋಗುವುದು ಊರ ನಡುವಿನ ದರವಲಯವಾದ ಝೋನ್ 1 ಹಾಯ್ದು, ಅದರಲ್ಲೂ ಬೆಳಿಗ್ಗೆ ಲಂಡನ್ ಬ್ರಿಜ್‌ನಲ್ಲಿ ತುಂಬಿಕೊಳ್ಳುವ ಜನದ ಜೊತೆಗೆ. ಈಸ್ಟ್ ಹ್ಯಾಮ್‌ನಿಂದ ಝೋನ್ 1 ಮುಟ್ಟುವುದೇ ಇಲ್ಲ, ಹಾಗಾಗಿ ಟಿಕೆಟ್ ಕಡಿಮೆ, ಹೊತ್ತೂ ಕಡಿಮೆ. ಸಂಗಾತಿಯ ಆಫೀಸು ಬೇಕರ್ ಸ್ಟ್ರೀಟ್ ಕಡೆ ಇದ್ದರೆ ಲೆಕ್ಕ ತಿರುಗುತ್ತದೆ. ವೆಂಬ್ಲಿ ಪಾರ್ಕ್‌ನಲ್ಲಿ ಎಸಿಯ ಮೆಟ್ರೊಪಾಲಿಟನ್ ಕೂಡ ನಿಲ್ಲುತ್ತದೆ, ಬೇಕರ್ ಸ್ಟ್ರೀಟ್‌ಗೆ ನಡುವೆ ಒಂದೇ ನಿಲುಗಡೆ.

ದುಡ್ಡಿನ ಉಳಿದ ಮಾತು. ಕಾಗದದ ಟಿಕೆಟ್ ಕೊಳ್ಳಬೇಡಿ, ಅದು ದುಬಾರಿ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡಿಗೂ ಆಯ್ಸ್ಟರ್ ಅನ್ನುವ ಲಂಡನ್ನಿನ ಪ್ರಯಾಣದ ಕಾರ್ಡಿಗೂ ದೊಡ್ಡವರ ದರ ಒಂದೇ. ಊರಿನ ಬ್ಯಾಂಕಿನ ಕಾರ್ಡಾದರೆ ವಿದೇಶಿ ವಹಿವಾಟಿನ ಶುಲ್ಕ ಎಷ್ಟೆಂದು ಮೊದಲೇ ನೋಡಿಕೊಳ್ಳಿ. ದಿನಕ್ಕೆ ಒಂದು ಮಿತಿ ಇದೆ, ಝೋನ್ 1 ಮತ್ತು 2ರೊಳಗೆ 2025ರಲ್ಲಿ ಒಂಬತ್ತು ಪೌಂಡಿಗೆ ಹತ್ತಿರ, ಆಮೇಲೆ ಎಷ್ಟು ಸುತ್ತಿದರೂ ದುಡ್ಡು ಹೋಗುವುದಿಲ್ಲ. ಹನ್ನೊಂದರೊಳಗಿನ ಮಕ್ಕಳು ದೊಡ್ಡವರೊಬ್ಬರ ಜೊತೆ ನಾಲ್ವರವರೆಗೆ ಪುಕ್ಕಟೆ. ವಾರದ ದಿನಗಳಲ್ಲಿ ಬೆಳಿಗ್ಗೆ 6:30ರಿಂದ 9:30, ಸಂಜೆ 4ರಿಂದ 7 ಪೀಕ್. ದರವೂ ಹೆಚ್ಚು, ಜನವೂ ಹೆಚ್ಚು. ಊರು ನೋಡಲು ಬಂದವರು ಹತ್ತು ಗಂಟೆಗೆ ಹೊರಟರೆ ಏನೂ ಮುಳುಗುವುದಿಲ್ಲ.

ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ಒಂದು ದಿನ ಸ್ಟೇಷನ್ ಗೇಟಿನ ಯಂತ್ರಕ್ಕೆ ಫೋನ್ ತೋರಿಸಿ ಒಳಗೆ ಹೋದೆ, ಅಷ್ಟರಲ್ಲಿ ಚಾರ್ಜ್ ಮುಗಿಯಿತು, ಅದೇ ಖಾತೆಯ ಕಾರ್ಡ್ ತೋರಿಸಿ ಹೊರಗೆ ಬಂದೆ. ಯಂತ್ರದ ಕಣ್ಣಿಗೆ ನಾನು ಇಬ್ಬರು: ಒಳಗೆ ಹೋಗಿ ಹೊರಬಾರದವನೊಬ್ಬ, ಒಳಗೇ ಹೋಗದೆ ಹೊರಬಂದವನೊಬ್ಬ. ಇಬ್ಬರಿಗೂ ಗರಿಷ್ಠ ದರ ಬಿತ್ತು. ಒಳಗೂ ಹೊರಗೂ ಒಂದೇ ವಸ್ತು ತೋರಿಸಬೇಕು, ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು.

ಇಷ್ಟೆಲ್ಲ ಹೇಳಿ ಬಸ್ಸನ್ನು ಬಿಟ್ಟರೆ ಅನ್ಯಾಯ. 2025ರಲ್ಲಿ 1.75 ಪೌಂಡ್, ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಅಷ್ಟೇ. ಎಲ್ಲ ಬಸ್ಸಿಗೂ ಇಳಿಜಾರು ಹಲಗೆ ಇದೆ, ಮೇಲಂತಸ್ತಿನ ಮುಂದಿನ ಸೀಟಿನಿಂದ ಊರು ಕಾಣುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮಾತ್ರ ಸಿಕ್ಕಿಕೊಂಡಿರಿ ಅಷ್ಟೇ. ವಿಮಾನ, ನಾಟಕ, ಇಂಟರ್‌ವ್ಯೂ ಇದ್ದ ದಿನ ಬೇಡ.

ಕೊನೆಗೆ, ಬಂದವರೆಲ್ಲ ಕೇಳುವ ಒಂದು ಜಾಗಕ್ಕೆ ಈ ಲೆಕ್ಕ ಹಾಕಿ ತೋರಿಸುತ್ತೇನೆ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ, 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆ. ಕಿಂಗ್ಸ್ ಕ್ರಾಸ್‌ನಿಂದ ವಿಕ್ಟೋರಿಯಾ ಲೈನಿನಲ್ಲಿ ವಾಕ್ಸ್‌ಹಾಲ್‌ಗೆ ನೇರ ಹೋಗಬಹುದು, ಹೆಚ್ಚೆಂದರೆ ಕಾಲು ಗಂಟೆಯ ಸೆಕೆ, ಎರಡೂ ಕಡೆ ಲಿಫ್ಟ್, ಆಮೇಲೆ ನದಿ ಪಕ್ಕ ನಡಿಗೆ. ಇಲ್ಲವೇ ಸರ್ಕಲ್‌ನಲ್ಲಿ ತಣ್ಣಗೆ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಿ, ಸೇತುವೆ ದಾಟಿ, ಆಚೆ ದಡದಲ್ಲಿ ಪಾರ್ಲಿಮೆಂಟನ್ನು ಬಲಗಡೆ ಇಟ್ಟುಕೊಂಡು ನಡೆಯಬಹುದು. ನಡಿಗೆ ತುಸು ಹೆಚ್ಚು, ನೋಟವೂ ಹೆಚ್ಚು. ಅಪ್ಪ ಎರಡನೆಯದು ಅಂದರು, ಅಮ್ಮ ಮೊದಲನೆಯದು. ಹೋಗುವಾಗ ಅಮ್ಮನ ದಾರಿ, ಬರುವಾಗ ಅಪ್ಪನದು ಅಂತ ಆಯಿತು. ನೀವು ಶನಿವಾರ ಭಾನುವಾರ ಹೊರಡುವುದಾದರೆ ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ಆ ಲೈನ್ ಓಡುತ್ತದೆಯೇ ನೋಡಿಕೊಳ್ಳಿ. ಹಳಿ ರಿಪೇರಿಗೆಂದು ವಾರಾಂತ್ಯದಲ್ಲಿ ಮುಚ್ಚುವುದು ಇಲ್ಲಿ ಸಾಮಾನ್ಯ.